ಕಡಲೆಕಾಯಿ ಪರಿಷೆಯಿಂದ ಸಂಕ್ರಾಂತಿವರೆಗೆ ಮನೆ ಖರ್ಚು ಹಿಡಿಯುವುದು ಹೇಗೆ?

ಪ್ರಶ್ನೆ: ನಾವು ಲಗ್ಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರು, ನಾನು, ಅತ್ತೆ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಸಂಬಳ ಕೈಗೆ 38,000 ಬರುತ್ತದೆ, ಅದರಲ್ಲಿ ಬಾಡಿಗೆ 11,000. ಬೇರೆ ತಿಂಗಳು ಹೇಗೋ ತೂಗಿಸುತ್ತೇನೆ. ಹೋದ ಡಿಸೆಂಬರ್, ಜನವರಿಯಲ್ಲಿ ಮಾತ್ರ ಮಾಮೂಲಿ ಖರ್ಚಿನ ಮೇಲೆ 19,500 ರೂಪಾಯಿ ಹೋಯಿತು. ಬರೆದಿಟ್ಟಿದ್ದೇನೆ: ಸ್ವೆಟರ್, ರಗ್ಗು 4,500, ಕ್ರಿಸ್‌ಮಸ್ ರಜೆಯ ತಿರುಗಾಟ 4,000, ಸಂಕ್ರಾಂತಿ 5,200 (ರೆಡಿ ಎಳ್ಳು-ಬೆಲ್ಲ, ಡಬ್ಬಿ, ಹೂವು, ಕಬ್ಬು ಎಲ್ಲ ಸೇರಿ), ಕರೆಂಟ್ ಬಿಲ್ 3,500, ಡಾಕ್ಟರ್, ಔಷಧಿ 2,300. ಬೇರೆ ತಿಂಗಳು ನಮಗೆ ಕರೆಂಟ್ ಬಿಲ್ಲೇ ಬರುವುದಿಲ್ಲ. ಈ ಸಲ ನಾದಿನಿ ಮಗುವಿಗೆ ಮೊದಲ ಸಂಕ್ರಾಂತಿ. ನಮ್ಮ ಮನೆಯಲ್ಲೇ ಮಗುವಿನ ತಲೆ ಮೇಲೆ ಎಲಚಿ (ಬೋರೆ) ಹಣ್ಣು ಎರೆಯುವ ಶಾಸ್ತ್ರ ಮಾಡಬೇಕು ಅಂತ ಅತ್ತೆ ಹೇಳುತ್ತಿದ್ದಾರೆ. ಎಲ್ಲವನ್ನೂ 10,000ದೊಳಗೆ ಮುಗಿಸಬಹುದೇ? ಜಿಪುಣಿ ಅನ್ನಿಸಿಕೊಳ್ಳಲು ಇಷ್ಟವಿಲ್ಲ.

ಉತ್ತರ: ಖಂಡಿತ ಮುಗಿಸಬಹುದು. ದೀಪಾವಳಿ ಈಗಷ್ಟೇ ಮುಗಿದಿದೆ, ಸಂಕ್ರಾಂತಿಗೆ ಇನ್ನೂ ಎರಡು ತಿಂಗಳಿದೆ. ಅದಕ್ಕಿಂತ ಮುಖ್ಯ, ನೀವು ಹೋದ ವರ್ಷದ ಖರ್ಚು ಬರೆದಿಟ್ಟಿದ್ದೀರಿ. ಆ ಪಟ್ಟಿ ಇಲ್ಲದಿದ್ದರೆ ನಾನು ಸುಮ್ನೆ ಬಾಯಿಮಾತಿನ ಸಲಹೆ ಕೊಡಬೇಕಾಗುತ್ತಿತ್ತು.

ಪಟ್ಟಿ ನೋಡಿದರೆ ನಿಮ್ಮ ಮನೆಯಲ್ಲಿ ದುಂದುವೆಚ್ಚ ಇಲ್ಲ. ಆದರೆ ಹೆಚ್ಚುಕಮ್ಮಿ ಎಲ್ಲವನ್ನೂ ಬೇಕಾದ ದಿನವೇ ಕೊಂಡಿದ್ದೀರಿ ಅನ್ನಿಸುತ್ತದೆ. ಚಳಿ ಹತ್ತಿದ ಮೇಲೆ ಸ್ವೆಟರ್, ಹಬ್ಬ ಬಾಗಿಲಿಗೆ ಬಂದ ಮೇಲೆ ಹೂವು, ಮಕ್ಕಳು ಬೇಜಾರು ಅಂದ ಮೇಲೆ ಮಾಲ್. ಇನ್ನೊಂದೂ ಕಾಣುತ್ತದೆ. ಕೆಲಸವೆಲ್ಲ ನಿಮ್ಮೊಬ್ಬರ ಮೇಲಿದೆ. ಕೈ ಸಾಲದೇ ಹೋದಾಗ ರೆಡಿ ಸಾಮಾನು ತಂದಿದ್ದೀರಿ. ಹಾಗಾಗಿ "ಎಲ್ಲಾ ಮನೆಯಲ್ಲೇ ಮಾಡ್ಕೊಳ್ಳಿ, ದುಡ್ಡು ಉಳಿಯುತ್ತೆ" ಎಂದು ನಾನು ಹೇಳುವುದಿಲ್ಲ. ನೀವು ರಾತ್ರಿ ಹನ್ನೊಂದರವರೆಗೆ ಕೊಬ್ಬರಿ ಹೆಚ್ಚುತ್ತಾ ಕೂತು ಉಳಿಸಿದ ಮುನ್ನೂರು ರೂಪಾಯಿಯನ್ನು ನಾನು ಉಳಿತಾಯ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಖರೀದಿಯನ್ನು ವಾರಗಳಿಗೆ ಹಂಚಬೇಕು, ಕೆಲಸವನ್ನು ಮನೆಯವರಿಗೆ ಹಂಚಬೇಕು. ನಾನು ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ ಇದೆ.

ಮೊದಲು ಕರೆಂಟ್ ಬಿಲ್ಲಿನಿಂದ ಶುರು ಮಾಡೋಣ. ಈ 3,500 ಹೆಚ್ಚುಕಮ್ಮಿ ಪೂರ್ತಿ ಉಳಿಯುವ ದುಡ್ಡು. ನೀವು ಗೃಹಜ್ಯೋತಿಯಲ್ಲಿದ್ದೀರಿ ಎಂದುಕೊಂಡಿದ್ದೇನೆ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆ ನೋಡಿ ಉಚಿತ ಯೂನಿಟ್ ನಿಗದಿ ಮಾಡಿರುತ್ತಾರೆ. ಅದನ್ನು ಮೀರಿದರೆ ಮೀರಿದ ಯೂನಿಟ್‌ಗಷ್ಟೇ ದುಡ್ಡು. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ ನೀವೇ ಕಟ್ಟಬೇಕು. 199ಕ್ಕೂ 205ಕ್ಕೂ ವ್ಯತ್ಯಾಸ ಆರು ಯೂನಿಟ್ ಅಷ್ಟೇ ಅಲ್ವಾ? ಬಿಲ್ಲಿನಲ್ಲಿ ಅದು ಸಾವಿರಕ್ಕೂ ಜಾಸ್ತಿ ಆಗಬಹುದು. ನಿಮ್ಮ ಬಿಲ್ ಮೊತ್ತ ನೋಡಿದರೆ ಎರಡು ತಿಂಗಳೂ ಈ ಗೆರೆ ದಾಟಿರಬೇಕು.

ಚಳಿಗಾಲದಲ್ಲಿ ಇದನ್ನು ದಾಟಿಸುವುದು ಗೀಸರ್. ಲೆಕ್ಕ ಸುಲಭ. 15 ಲೀಟರ್ ಗೀಸರಿನಲ್ಲಿ 20 ಡಿಗ್ರಿಯ ನೀರು 60 ಡಿಗ್ರಿಗೆ ಬರಲು ಸುಮಾರು ಮುಕ್ಕಾಲು ಯೂನಿಟ್ ಬೇಕು. ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿದರೆ ಎರಡು ಸಣ್ಣ ಬಕೆಟ್ ಸ್ನಾನದ ನೀರಾಗುತ್ತದೆ. ಐದು ಜನಕ್ಕೆ ದಿನಕ್ಕೆ ಎರಡು ಯೂನಿಟ್ ಹತ್ತಿರ, ತಿಂಗಳಿಗೆ 55ರಿಂದ 60. ಇದು ಬಕೆಟ್ ಸ್ನಾನದ ಮಾತು. ಶವರ್ ಬಿಟ್ಟುಕೊಂಡು ನಿಂತರೆ, ಅಥವಾ ಒಬ್ಬರು ಆರಕ್ಕೆ, ಇನ್ನೊಬ್ಬರು ಎಂಟಕ್ಕೆ, ಅತ್ತೆ ಹತ್ತಕ್ಕೆ ಅಂತ ಸ್ವಿಚ್ ಹಾಕಿಯೇ ಇಟ್ಟರೆ ಲೆಕ್ಕ ಎಲ್ಲೋ ಹೋಗುತ್ತದೆ.

ಸ್ನಾನಗಳು ಒಂದರ ಹಿಂದೆ ಒಂದು ನಡೆಯಲಿ. ಮಗನ ಸ್ನಾನ ಸಂಜೆಗೆ ಬದಲಾಗಲಿ. ಸಂಜೆ ನಲ್ಲಿ ನೀರು ಅಷ್ಟು ತಣ್ಣಗಿರಲ್ಲ, ಆಡಿ ಬಂದ ಮಗು ಚೆನ್ನಾಗಿ ನಿದ್ದೆಯನ್ನೂ ಮಾಡುತ್ತದೆ. ಗೀಸರಿನ ತಿರುಪು 75ರಲ್ಲಿದ್ದರೆ 55ಕ್ಕೆ ಇಳಿಸಿ. ನಿಮ್ಮ ಕಡೆ ಬೋರ್ ನೀರಾದರೆ ಒಳಗಿನ ಕಾಯಿಲ್‌ಗೆ ಉಪ್ಪು ಕಟ್ಟಿರುತ್ತದೆ, ನೀರು ಕಾಯಲು ಹೊತ್ತು ಹಿಡಿಯುತ್ತದೆ. ಒಂದು ಸಲ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಬಾಡಿಗೆ ಮನೆಯಾದ್ದರಿಂದ ಓನರ್‌ಗೆ ಹೇಳಿ ಅರ್ಧ ಖರ್ಚು ಕೇಳುವುದರಲ್ಲಿ ತಪ್ಪಿಲ್ಲ. ಬಿಲ್ ಬಂದ ದಿನ ಮೀಟರ್ ಸಂಖ್ಯೆಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಆಮೇಲೆ ವಾರಕ್ಕೊಮ್ಮೆ ನೋಡಿ. ವಾರಕ್ಕೆ 45 ಯೂನಿಟ್ ಒಳಗಿದ್ದರೆ ನೀವು ಕ್ಷೇಮ. ಈ ಕೆಲಸ ಮಗಳಿಗೆ ಕೊಡಿ. ಎಂಟು ವರ್ಷದ ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತದೆ, ಲೈಟ್ ಆರಿಸಲು ನಾವು ಹತ್ತು ಸಲ ಹೇಳುವ ಬದಲು ಅವಳೇ ಹೇಳಲು ಶುರು ಮಾಡುತ್ತಾಳೆ.

ಬಿಲ್ ಉಳಿಸಲು ಗ್ಯಾಸ್ ಗೀಸರ್ ಹಾಕಿಸೋಣವೇ ಎಂದು ಹಲವರು ಕೇಳುತ್ತಾರೆ, ನಿಮ್ಮ ಮನೆಯಲ್ಲೂ ಆ ಮಾತು ಬಂದಿರಬಹುದು. ದಯವಿಟ್ಟು ಬಚ್ಚಲುಮನೆಯೊಳಗೆ ಬೇಡ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಬಾಗಿಲು ತೆಗೆಯುವ ಶಕ್ತಿಯೇ ಇರುವುದಿಲ್ಲ. ಬೆಂಗಳೂರಿನಲ್ಲೇ ಹೀಗೆ ಜೀವ ಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಈಗಾಗಲೇ ಇರುವವರು ಅದನ್ನು ಬಚ್ಚಲಿಂದ ಆಚೆ, ಗಾಳಿಯಾಡುವ ಕಡೆ ಹಾಕಿಸಬೇಕು. ಚಳಿ ಕಾಯಿಸಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದಕ್ಕೂ ಇದೇ ಮಾತು. ಇನ್ನು ಬಕೆಟ್‌ಗೆ ಹಾಕುವ ಹೀಟರ್ ರಾಡ್‌ನಿಂದ ಕರೆಂಟ್ ಉಳಿಯುವುದಿಲ್ಲ, ಅಷ್ಟೇ ನೀರಿಗೆ ಅಷ್ಟೇ ಯೂನಿಟ್. ನಾಲ್ಕು ವರ್ಷದ ಮಗು ಓಡಾಡುವ ಮನೆಯಲ್ಲಿ ಅದು ಬೇಡವೇ ಬೇಡ.

ಸ್ವೆಟರ್ ವಿಷಯಕ್ಕೆ ಬರೋಣ. ಬೆಂಗಳೂರಿನ ಚಳಿ ಎಷ್ಟು? ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 15, 16 ಡಿಗ್ರಿ, ಒಮ್ಮೊಮ್ಮೆ ಇನ್ನೂ ಎರಡು ಮೂರು ಡಿಗ್ರಿ ಕೆಳಗೆ. ಊರಿನ ದಾಖಲೆಯ ಚಳಿ ಎಂದರೆ 1884ರ ಜನವರಿಯ 7.8 ಡಿಗ್ರಿ. ಮಧ್ಯಾಹ್ನ 26, 27ಕ್ಕೆ ಏರುತ್ತದೆ. ಬೆಳಗ್ಗೆ ಏಳಕ್ಕೆ ನಡುಗುವ ಮಗು ಹನ್ನೊಂದಕ್ಕೆ ಬೆವರುತ್ತದೆ. ಇಲ್ಲಿಗೆ ದಪ್ಪ ಜಾಕೆಟ್ ಬೇಕಿಲ್ಲ. ಒಳಗೆ ಹತ್ತಿ ಬನಿಯನ್, ಮೇಲೆ ತುಂಬುತೋಳಿನ ಅಂಗಿ, ಅದರ ಮೇಲೆ ತೆಳು ಸ್ವೆಟರ್, ಕಾಲಿಗೆ ಸಾಕ್ಸ್, ತಲೆಗೆ ಟೋಪಿ. ಬಿಸಿಲೇರಿದಂತೆ ಒಂದೊಂದೇ ತೆಗೆಯಬಹುದು.

ಹೋದ ವರ್ಷದ್ದೆಲ್ಲ ಈ ಭಾನುವಾರ ಹೊರತೆಗೆದು ಮಕ್ಕಳಿಗೆ ತೊಡಿಸಿ ನೋಡಿ. ಮಗಳ ಸ್ವೆಟರ್ ತೋಳು ಗಿಡ್ಡವಾಗಿದ್ದರೆ ಅದು ಮಗನಿಗೆ. ಮಗಳಿಗೆ ಒಂದು ಸೈಜ್ ದೊಡ್ಡದು ಕೊಳ್ಳಿ, ತೋಳು ಮಡಚಿದರೆ ಎರಡು ಚಳಿಗಾಲ ಬರುತ್ತದೆ. ಸ್ಕೂಲ್ ಸ್ವೆಟರ್ ಹೊಸದನ್ನು ತರುವ ಮೊದಲು ಪೇರೆಂಟ್ಸ್ ಗುಂಪಿನಲ್ಲಿ ಒಂದು ಮಾತು ಕೇಳಿ. ಮಕ್ಕಳು ಬೆಳೆದು ಚಿಕ್ಕದಾದ ಸ್ವೆಟರ್ ಎಷ್ಟೋ ಮನೆಯ ಕಪಾಟಿನಲ್ಲಿ ಸುಮ್ನೆ ಕೂತಿರುತ್ತದೆ. ದೊಡ್ಡವರಿಗೆ ಏನಾದರೂ ಬೇಕಿದ್ದರೆ ಚಿಕ್ಕಪೇಟೆಗೋ ಟಿಬೆಟನ್ನರು ಸೀಸನ್ನಿನಲ್ಲಿ ಹಾಕುವ ಸ್ವೆಟರ್ ಅಂಗಡಿಗೋ ನವೆಂಬರ್‌ನಲ್ಲೇ ಹೋಗಿ. ಅವಸರವಿಲ್ಲದ್ದನ್ನು ಜನವರಿ ಕೊನೆಗೆ ಬಿಡಿ, ಅಂಗಡಿಯವರು ಉಳಿದ ಮಾಲು ಖಾಲಿ ಮಾಡುವ ಹೊತ್ತು ಅದು.

ರಗ್ಗು ಹೊಸದು ಕೊಳ್ಳಬೇಡಿ. ಇರುವುದನ್ನು ಒಗೆದು ಬಿಸಿಲಿಗೆ ಹಾಕಿ. ನವೆಂಬರ್‌ನಲ್ಲಿ ಬಂಗಾಳಕೊಲ್ಲಿ ಕಡೆಯಿಂದ ಮೋಡ ಬಂದು ಮೂರು ನಾಲ್ಕು ದಿನ ಜಿಟಿಜಿಟಿ ಹಿಡಿಯುವುದುಂಟು, ಆದ್ದರಿಂದ ಬಿಸಿಲು ಕಂಡ ದಿನವೇ ಈ ಕೆಲಸ ಮುಗಿಸಿ. ಹೊದಿಕೆ ಸಾಲದಿದ್ದರೆ ಅತ್ತೆಯ ಹಳೇ ಹತ್ತಿ ಸೀರೆ ನಾಲ್ಕೈದು ಸೇರಿಸಿ ಕೌದಿ ಹೊಲಿಸಿ. ಹಗುರ, ಬೆಚ್ಚಗಿರುತ್ತದೆ, ಮಕ್ಕಳ ಮೈಗೆ ಚುಚ್ಚುವುದಿಲ್ಲ. ಈ ಬಾಬ್ತಿಗೆ 2,000 ಸಾಕು.

ಇನ್ನು ಅಡುಗೆಮನೆ. ಇಲ್ಲಿ ನೀವು ಖರ್ಚು ಬರೆದಿಲ್ಲ, ಮಾಮೂಲಿ ದಿನಸಿಯಲ್ಲಿ ಸೇರಿಹೋಗಿರಬೇಕು. ಆದರೆ ಚಳಿಗಾಲದಲ್ಲಿ ಮಾರ್ಕೆಟ್ ಏನು ಹೇಳುತ್ತದೆ ಎಂದು ಗೊತ್ತಿದ್ದರೆ ಉಳಿದ ಖರ್ಚಿಗೂ ದಾರಿಯಾಗುತ್ತದೆ. ಈ ಕಾಲದಲ್ಲಿ ನುಗ್ಗೆಕಾಯಿ ಇಳುವರಿ ಬಿದ್ದು ಬೆಲೆ ಗಗನಕ್ಕೇರುತ್ತದೆ. ಮೊಟ್ಟೆ ಡಿಸೆಂಬರ್‌ನಲ್ಲಿ ತುಟ್ಟಿ, ಕೇಕ್ ಸೀಸನ್ ಬೇರೆ. ಚಳಿಗೆ ಮಲ್ಲಿಗೆ ಮೊಗ್ಗು ಕಡಿಮೆ ಬಿಡುತ್ತದೆ, ಹಾಗಾಗಿ ಮಲ್ಲಿಗೆ, ಕನಕಾಂಬರ ಮುಟ್ಟಲಾಗದಷ್ಟು ದುಬಾರಿ. ಅದೇ ಹೊತ್ತಿಗೆ ಮೆಂತ್ಯ ಸೊಪ್ಪು, ಮೂಲಂಗಿ, ಕ್ಯಾರೆಟ್, ಹಸಿ ಬಟಾಣಿ, ತೊಗರಿಕಾಯಿ, ನೆಲ್ಲಿಕಾಯಿ ಸಿಕ್ಕಾಪಟ್ಟೆ ಬರುತ್ತವೆ. ನುಗ್ಗೆಕಾಯಿ ಸಾಂಬಾರ್ ಎರಡು ತಿಂಗಳು ಬಿಟ್ಟು ಮೂಲಂಗಿ ಹುಳಿ ಮಾಡಿದರೆ ಮನೆಯವರು ಏನೂ ಕಳೆದುಕೊಳ್ಳುವುದಿಲ್ಲ.

ಮತ್ತೆ ಅವರೆಕಾಯಿ. ಬೆಂಗಳೂರಿನಲ್ಲಿ ಚಳಿಗಾಲ ಎಂದರೆ ಅವರೆಕಾಯಿಯೇ ಅಲ್ವಾ? ನವೆಂಬರ್ ಕೊನೆಗೆ ಮಾರ್ಕೆಟ್‌ಗೆ ಬರುವ ಮೊದಲ ಕಾಯಿಗೆ ಮುಗಿಬೀಳಬೇಡಿ. ಬೆಲೆ ಜಾಸ್ತಿ, ಕಾಳೂ ಬಲಿತಿರುವುದಿಲ್ಲ. ಡಿಸೆಂಬರ್ ಎರಡನೇ ವಾರದ ನಂತರ, ಇಬ್ಬನಿ ಚೆನ್ನಾಗಿ ಬೀಳಲು ಶುರುವಾದ ಮೇಲೆ ಮಾಗಡಿ ಕಡೆಯ ಕಾಯಿ ರಾಶಿ ರಾಶಿ ಬರುತ್ತದೆ, ಸೊಗಡೂ ಆಗಲೇ ಜಾಸ್ತಿ. ಕಾಯಿ ಕೈಯಲ್ಲಿ ಉಜ್ಜಿ ನೋಡಿ. ಅಂಟಂಟಾಗಿ, ಮೂಗಿಗೆ ಘಂ ಎನ್ನಬೇಕು. ಚಪ್ಪಟೆ ಕಾಯಿ ಬಿಟ್ಟು ಕಾಳು ಉಬ್ಬಿದ್ದನ್ನು ಆರಿಸಿ, ತೂತು ಬಿದ್ದದ್ದರಲ್ಲಿ ಹುಳ ಇರುತ್ತದೆ. ಸುಲಿದರೆ ಕಾಯಿಯ ತೂಕದ ಅರ್ಧವೂ ಕಾಳು ಬರುವುದಿಲ್ಲ, ಆದ್ದರಿಂದ ಸುಲಿದ ಕಾಳಿನ ಬೆಲೆ ಕೇಳಿ ಗಾಬರಿಯಾಗಬೇಡಿ. ಆದರೆ ಹಿತಕಿದ ಬೇಳೆಯನ್ನು ಪ್ಯಾಕೆಟ್‌ನಲ್ಲಿ ಕೊಂಡರೆ ನಿಜಕ್ಕೂ ಜಾಸ್ತಿ ತೆರುತ್ತೀರಿ. ಕಾಳು ರಾತ್ರಿ ನೆನೆಹಾಕಿ. ಬೆಳಗ್ಗೆ ಟಿವಿ ಮುಂದೆ ಎಲ್ಲರೂ ಒಂದೊಂದು ಬಟ್ಟಲು ಹಿಡಿದು ಕೂತರೆ ಎರಡು ಕೆಜಿ ಕಾಯಿಯ ಬೇಳೆ ಆಟದಂತೆ ಹಿತಕಿ ಮುಗಿಯುತ್ತದೆ. ನಾಲ್ಕು ವರ್ಷದ ಮಕ್ಕಳಿಗೆ ಬೇಳೆ ಚಿಮ್ಮಿಸುವುದು ಎಂದರೆ ಬಲು ಖುಷಿ. ಒಂದು ದಿನದ ಸಾರಿಗಾಗುವಷ್ಟು ಬೇಳೆಯನ್ನು ಒಂದೊಂದು ಕವರಿಗೆ ಕಟ್ಟಿ ಫ್ರೀಜರಿನಲ್ಲಿಟ್ಟರೆ ಫೆಬ್ರವರಿಯಲ್ಲೂ ಸಾರು ಮಾಡಬಹುದು.

ವಿ.ವಿ. ಪುರಂ ಕಡೆಯವರು ನಡೆಸುವ ಅವರೆಬೇಳೆ ಮೇಳಕ್ಕೆ ಹೋಗಿ, ಒಂದೊಂದು ದೋಸೆ ತಿಂದು ಬನ್ನಿ. ಆದರೆ ಮನೆಗೆ ಬೇಕಾದ ಕಾಯಿಯನ್ನು ಅಲ್ಲಿ ಕೊಳ್ಳುವ ಅಗತ್ಯವಿಲ್ಲ. ಕೆ.ಆರ್. ಮಾರ್ಕೆಟ್ಟೋ ಯಶವಂತಪುರವೋ ನಿಮಗೆ ಅಗ್ಗ ಬೀಳುತ್ತದೆ. ಶಕ್ತಿ ಯೋಜನೆ ಇರುವುದರಿಂದ ನಿಮಗೂ ಅತ್ತೆಗೂ ಬಿಎಂಟಿಸಿ ಮಾಮೂಲಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಇಟ್ಟುಕೊಂಡರೆ ಸಾಕು. ಭಾರ ಹೊರಲು ಯಜಮಾನರನ್ನೂ ಕರೆದುಕೊಂಡು ಹೋಗಿ, ಅವರ ಟಿಕೆಟ್ ಒಂದೇ ತಾನೇ ಖರ್ಚು.

ಈಗ ಸಂಕ್ರಾಂತಿ. ಹಬ್ಬ ಬರುವುದು ಜನವರಿ 14 ಅಥವಾ 15ಕ್ಕೆ, ಆದರೆ ಎಳ್ಳು-ಬೆಲ್ಲದ ಖರೀದಿ ಕಾರ್ತಿಕ ಮಾಸದ ಕೊನೆಯ ಸೋಮವಾರವೇ ಶುರುವಾಗಬೇಕು. ಅವತ್ತು ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಮುಂದೆ ಕಡಲೆಕಾಯಿ ಪರಿಷೆ. ರೈತರೇ ತಂದು ಸೇರಿನಲ್ಲಿ ಅಳೆದು ಕೊಡುತ್ತಾರೆ. ಸೋಮವಾರ ಕಾಲಿಡಲು ಜಾಗವಿರುವುದಿಲ್ಲ, ಹಿಂದಿನ ಶನಿವಾರ ಭಾನುವಾರವೇ ಅಂಗಡಿಗಳು ಬಂದಿರುತ್ತವೆ, ಮಕ್ಕಳೊಂದಿಗೆ ಆಗ ಹೋಗಿ. ನ್ಯಾಷನಲ್ ಕಾಲೇಜ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಒಣಗಿದ ಕಾಯಿಯನ್ನೇ ಕೊಳ್ಳಿ, ಅಲ್ಲಾಡಿಸಿದರೆ ಒಳಗೆ ಸದ್ದಾಗಬೇಕು. ಮನೆಗೆ ತಂದು ಎರಡು ಬಿಸಿಲು ಕೊಟ್ಟು ಡಬ್ಬಿಗೆ ತುಂಬಿ. ತೇವ ಉಳಿದು ಬೂಸಲು ಹಿಡಿದ ಬೀಜ, ಕಹಿ ಬಂದ ಬೀಜ ಕಂಡರೆ ಎಸೆದುಬಿಡಿ, ಹುರಿದರೂ ಅದರ ವಿಷ ಪೂರ್ತಿ ಹೋಗುವುದಿಲ್ಲ.

ಆಮೇಲೆ ವಾರಕ್ಕೊಂದು ಸಾಮಾನು. ಡಿಸೆಂಬರ್ ಮೊದಲ ವಾರ ಬಿಳಿ ಎಳ್ಳು, ಮುಂದಿನ ವಾರ ಅಚ್ಚುಬೆಲ್ಲ, ಕ್ರಿಸ್‌ಮಸ್ ರಜೆಯಲ್ಲಿ ಕೊಬ್ಬರಿ, ಜನವರಿ ಮೊದಲ ವಾರ ಹುರಿಗಡಲೆ. ಐವತ್ತು ಗ್ರಾಂ ಪೊಟ್ಟಣದ ಹಾಗೆ ನಲವತ್ತು ಮನೆಗೆ ಎರಡು ಕೆಜಿ ಬೇಕು. ಐದೂ ಸಮಪಾಲು ಹಾಕುವುದು ಹಲವರ ರೂಢಿ. ಈಚೆಗೆ ತೆಂಗಿನಕಾಯಿ, ಕೊಬ್ಬರಿ ಎರಡೂ ತುಟ್ಟಿಯಾಗಿರುವುದರಿಂದ ನಾನು ಹೀಗೆ ಹೇಳುತ್ತೇನೆ: ಕಡಲೆಬೀಜ 600 ಗ್ರಾಂ, ಹುರಿಗಡಲೆ 500, ಬೆಲ್ಲ 400, ಕೊಬ್ಬರಿ 300, ಎಳ್ಳು 200. ರುಚಿ ಎಲ್ಲೂ ಕೆಡುವುದಿಲ್ಲ. ಕೊಬ್ಬರಿಯ ಮೇಲಿನ ಕಂದು ಸಿಪ್ಪೆ ಹೆರೆದು ತೆಗೆದು ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಅದೇ ಅಳತೆಗೆ ಹೆಚ್ಚಿ, ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಬೆಲ್ಲದ ಅಂಟು ಹೋಗುವವರೆಗೆ ಬೆರೆಸಬಾರದು. ಎಳ್ಳು ಚಟಪಟ ಎನ್ನುವವರೆಗೆ ಹುರಿದು ಪೂರ್ತಿ ಆರಿಸಿ. ಬಿಸಿಯಿರುವಾಗಲೇ ಬೆರೆಸಿದರೆ ಬೆಲ್ಲ ಕರಗಿ ಮುದ್ದೆಯಾಗುತ್ತದೆ.

ಹೆಚ್ಚುವುದು ಯಾರು? ಇದೇ ಮುಖ್ಯ. ಕೊಬ್ಬರಿ, ಬೆಲ್ಲ ಹೆಚ್ಚುವ ಕೆಲಸ ಯಜಮಾನರಿಗೆ ಹೇಳಿ. ಕೈಗೆ ಬಲ ಬೇಕಾದ ಕೆಲಸ ಅದು, ಎರಡು ಭಾನುವಾರ ಸಾಕು. ಕಡಲೆಬೀಜ ಹುರಿದುಕೊಟ್ಟರೆ ಸಿಪ್ಪೆ ಉಜ್ಜಿ ಕೇರುವುದು ಅತ್ತೆಗೆ ನಮಗಿಂತ ಚೆನ್ನಾಗಿ ಬರುತ್ತದೆ. ಪೊಟ್ಟಣ ಕಟ್ಟುವುದು ಮಕ್ಕಳಿಗೆ. ಹುರಿಯುವುದು, ಬೆರೆಸುವುದು ನಿಮಗೆ. ಸಕ್ಕರೆ ಅಚ್ಚು ಮಾತ್ರ ಮನೆಯಲ್ಲಿ ಬೇಡ. ಪಾಕದ ಹದ, ಹಾಲು ಹಾಕಿ ಕೊಳೆ ತೆಗೆಯುವುದು, ಮರದ ಅಚ್ಚು ನೆನೆಸಿ ಕಟ್ಟುವುದು, ಮುರಿಯದಂತೆ ಬಿಡಿಸುವುದು, ಇದೆಲ್ಲ ಅಭ್ಯಾಸವಿದ್ದವರ ಕೆಲಸ. ಅರ್ಧ ಕೆಜಿ ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ತನ್ನಿ, ಮನೆಗೊಂದರಂತೆ ಇಟ್ಟರಾಯಿತು.

ಡಬ್ಬಿ ಬಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಳ್ಳು ಬೀರುವುದು ಈಚಿನ ರೂಢಿ, ಹಬ್ಬದ ಮರುದಿನ ಅದು ಎಲ್ಲರ ಮನೆ ಅಟ್ಟದಲ್ಲಿ ರಾಶಿ ಬೀಳುತ್ತದೆ. ಬೆಣ್ಣೆ ಕಾಗದದ ಸಣ್ಣ ಪೊಟ್ಟಣ, ಅದಕ್ಕೆ ಮಗಳ ಕೈಯಲ್ಲಿ ಬಣ್ಣದ ಪೆನ್ಸಿಲ್‌ನಲ್ಲಿ ಬರೆಸಿದ ಕಬ್ಬಿನ ಚಿತ್ರ. ತೆಗೆದುಕೊಂಡವರು ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಕಬ್ಬು ಪಕ್ಕದ ಮನೆಯವರೊಂದಿಗೆ ಸೇರಿ ಒಂದು ಜೋಡಿ ಜಲ್ಲೆ ತಂದು ಹಂಚಿಕೊಳ್ಳಿ. ಹೂವಿಗೆ ಮಲ್ಲಿಗೆಯ ಹಿಂದೆ ಹೋಗದೆ ಸೇವಂತಿಗೆ ತನ್ನಿ. ಅದು ಈ ಕಾಲದ್ದೇ ಹೂವು, ನಮ್ಮ ಸುತ್ತಮುತ್ತಲ ಊರುಗಳಲ್ಲೇ ಬೆಳೆಯುತ್ತದೆ. ಹಬ್ಬಕ್ಕೆ ಮೂರು ದಿನ ಮೊದಲು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬಾಡುವುದಿಲ್ಲ, ಹಿಂದಿನ ದಿನದ ಬೆಲೆಯನ್ನೂ ತೆರಬೇಕಿಲ್ಲ. ಪೊಂಗಲ್‌ಗೆ ಬೇಕಾದ ಅಕ್ಕಿ, ಹೆಸರುಬೇಳೆ ಮನೆಯಲ್ಲೇ ಇರುತ್ತದೆ. ಎಲಚಿ ಹಣ್ಣಿನ ಖರ್ಚು ಬಿಟ್ಟು ಹಬ್ಬಕ್ಕೆ 3,000 ಇಟ್ಟುಕೊಳ್ಳಿ, ಸಾಕಾಗುತ್ತದೆ.

ರಜೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹತ್ತು ದಿನದ ರಜೆಯಲ್ಲಿ ಮೂರು ದಿನ ಹೊರಗೆ ಹೋದರೆ ಮಕ್ಕಳಿಗೆ ಧಾರಾಳ. ಒಂದು ದಿನ ಕಬ್ಬನ್ ಪಾರ್ಕ್, ಅಲ್ಲೇ ಬಾಲಭವನ, ಪಕ್ಕದಲ್ಲೇ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಮ್ಯೂಸಿಯಮ್ಮಿನಲ್ಲಿ ಗುಂಡಿ ಒತ್ತಿ ನೋಡುವ ಯಂತ್ರಗಳಿವೆ, ಮಗಳು ಅರ್ಧ ದಿನ ಹೊರಗೆ ಬರುವುದಿಲ್ಲ. ಇನ್ನೊಂದು ದಿನ ನೆಹರು ತಾರಾಲಯ. ಮೂರನೆಯದು ಚಿತ್ರಸಂತೆ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆ ತುಂಬ ಕಲಾವಿದರು ಕೂತಿರುತ್ತಾರೆ, ನೋಡಲು ದುಡ್ಡಿಲ್ಲ. ಮನೆಯಿಂದ ಚಪಾತಿ ಸುರುಳಿ, ಕಿತ್ತಳೆ, ನೀರಿನ ಬಾಟಲಿ ಕಟ್ಟಿಕೊಳ್ಳಿ. ಹೊರಗಿನ ತಿಂಡಿ ಒಂದೇ ಒಂದು, ಅದನ್ನು ಮಕ್ಕಳೇ ಆರಿಸಲಿ. ಆ ಒಂದನ್ನು ಕೊಡಿಸುವಾಗ ಮುಖ ಸಿಂಡರಿಸಬೇಡಿ. ಮಕ್ಕಳಿಗೆ ಮನೆಯ ಕಷ್ಟ ಗೊತ್ತಿರಲಿ, ಆದರೆ ತಾವು ಹೊರೆ ಎಂದು ಅನ್ನಿಸಬಾರದು. ಒಟ್ಟು 2,000.

ಔಷಧಿಗೆ 1,500 ತೆಗೆದಿಡಿ, ಅದನ್ನು ಬೇರೆಯದಕ್ಕೆ ಮುಟ್ಟಬೇಡಿ. ಖರ್ಚು ತಗ್ಗಿಸುವ ಆಸೆಗೆ ಡಾಕ್ಟರರನ್ನು ತಪ್ಪಿಸುವುದು ನನಗೆ ಒಪ್ಪಿಗೆಯಿಲ್ಲ. ಮಾಮೂಲಿ ನೆಗಡಿ ವೈರಸ್ಸಿನದು, ಒಂದು ವಾರದಲ್ಲಿ ತಾನೇ ಹೋಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಆ್ಯಂಟಿಬಯಾಟಿಕ್ ತಂದು ಕೊಟ್ಟರೆ ಉಪಯೋಗವಿಲ್ಲ, ದುಡ್ಡೂ ದಂಡ. ಬೆಚ್ಚಗಿನ ಸಾರು, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿ ಪುಡಿ ಮಾಡಿಟ್ಟ ಕಷಾಯ ಗಂಟಲಿಗೆ ಹಿತ. ಆದರೆ ಮಗು ಬೇಗ ಬೇಗ ಉಸಿರಾಡುತ್ತಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಮೂರು ದಿನವಾದರೂ ಜ್ವರ ಇಳಿಯದಿದ್ದರೆ ಮನೆಮದ್ದು ನಿಲ್ಲಿಸಿ ಅವತ್ತೇ ತೋರಿಸಿ. ಮೈ ಒಡೆಯುವುದಕ್ಕೆ ದುಬಾರಿ ಲೋಷನ್ ಬೇಡ. ಸ್ನಾನವಾಗಿ ಮೈ ಇನ್ನೂ ತೇವವಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ. ಅತ್ತೆಯ ಹಿಮ್ಮಡಿಗೆ ರಾತ್ರಿ ವ್ಯಾಸಲಿನ್ ಹಚ್ಚಿ ಸಾಕ್ಸ್ ಹಾಕಿಸಿ.

ಈಗ ಕೂಡಿ ನೋಡಿ. ಬಟ್ಟೆ 2,000, ಹಬ್ಬ 3,000, ರಜೆ 2,000, ಔಷಧಿ 1,500. ಒಟ್ಟು 8,500. ಕರೆಂಟ್ ಬಿಲ್ ಸೊನ್ನೆ, ತಪ್ಪಿದರೆ ಅಲ್ಪಸ್ವಲ್ಪ. ಎಲಚಿ ಹಣ್ಣಿಗೆ 1,500 ಉಳಿಯುತ್ತದೆ. ನವೆಂಬರ್ ಸಂಬಳದಲ್ಲಿ 3,000, ಡಿಸೆಂಬರ್‌ನಲ್ಲಿ 4,000, ಜನವರಿಯಲ್ಲಿ 3,000 ಬೇರೆ ಬೇರೆ ಕವರಿಗೆ ಹಾಕಿಡಿ. ಗೃಹಲಕ್ಷ್ಮಿಯ 2,000 ನಿಮ್ಮ ಖಾತೆಗೆ ಬರುತ್ತಿದ್ದರೆ ಅದನ್ನು ಇದಕ್ಕೆ ಲೆಕ್ಕ ಹಿಡಿಯಬೇಡಿ, ಬಂದಾಗ ಬರಲಿ. ಮುಂದಿನ ವರ್ಷಕ್ಕೆ ಫೆಬ್ರವರಿಯಲ್ಲೇ ಬ್ಯಾಂಕಿನಲ್ಲಿ ತಿಂಗಳಿಗೆ ಒಂದು ಸಾವಿರದ ಆರ್‌ಡಿ ಶುರು ಮಾಡಿ. ಬೀದಿಯವರು ನಡೆಸುವ ಡಿಸೆಂಬರ್ ಚೀಟಿಗೆ ಸೇರಬೇಡಿ. ನಡೆಸುವವರು ಎಷ್ಟೇ ಪರಿಚಯದವರಿರಲಿ, ನೋಂದಣಿಯಿಲ್ಲದ ಚೀಟಿ ಮುಳುಗಿದರೆ ಆ ದುಡ್ಡು ವಾಪಸ್ ಪಡೆಯುವುದು ಬಲು ಕಷ್ಟ.

ಜಿಪುಣಿ ಅನ್ನುತ್ತಾರೆ ಎಂಬ ಹೆದರಿಕೆ ಬಗ್ಗೆ. ಬಂದವರಿಗೆ ಬಿಸಿ ಊಟ ಹಾಕಿ, ನಗುತ್ತಾ ಮಾತಾಡಿಸುವ ಮನೆಯನ್ನು ಯಾರೂ ಜಿಪುಣರ ಮನೆ ಎನ್ನುವುದಿಲ್ಲ. ಅಂದರೂ ಅದು ನಿಮ್ಮ ತಪ್ಪಲ್ಲ. ಆದರೆ ಅತ್ತೆಯೊಂದಿಗೆ ಈಗಲೇ ಕೂತು ಮಾತಾಡಿ, ಪಟ್ಟಿ ತೋರಿಸಿ. ಹೋದ ವರ್ಷದ 19,500 ಅವರಿಗೆ ಗೊತ್ತಿರಲಿಕ್ಕಿಲ್ಲ. ಹಿರಿಯರಿಗೆ ಲೆಕ್ಕ ಹೇಳಿದರೆ ಅವರೇ ಮುಂದೆ ನಿಂತು ಖರ್ಚು ತಗ್ಗಿಸುತ್ತಾರೆ. ಮುಚ್ಚಿಟ್ಟಾಗಲೇ "ಅದೂ ಇರಲಿ, ಇದೂ ಇರಲಿ" ಎಂಬ ಮಾತು ಬರುವುದು.

ಎಲಚಿ ಹಣ್ಣು ಎರೆಯುವುದಕ್ಕೆ ಹಾಲ್, ಕೇಟರಿಂಗ್, ಬಲೂನು ಅಲಂಕಾರ ಏನೂ ಬೇಡ. ಇದು ಸಂಜೆ ಮನೆಯೊಳಗೆ ಮಾಡುವ ಶಾಸ್ತ್ರ. ಮಗುವನ್ನು ಮಣೆ ಮೇಲೆ ಅಮ್ಮನ ತೊಡೆಯಲ್ಲಿ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ತುಂಡು, ಎಳ್ಳು-ಬೆಲ್ಲ, ಚಿಲ್ಲರೆ ಕಾಸು ಸೇರಿಸಿ ಮುತ್ತೈದೆಯರು ತಲೆ ಮೇಲಿಂದ ಮೆಲ್ಲಗೆ ಸುರಿದು ಆರತಿ ಎತ್ತುತ್ತಾರೆ. ಕೆಳಗೆ ಬಿದ್ದದ್ದನ್ನು ಮಕ್ಕಳು ಆರಿಸಿಕೊಳ್ಳುತ್ತಾರೆ. ಕಾಸು ನೂರು ರೂಪಾಯಿಯ ಚಿಲ್ಲರೆ ಸಾಕು, ಈಗಿಂದಲೇ ಒಂದು ಡಬ್ಬಿಯಲ್ಲಿ ಕೂಡಿಡಿ. ಎಲಚಿ ಹಣ್ಣು ಹಬ್ಬಕ್ಕೆ ನಾಲ್ಕು ದಿನ ಮೊದಲೇ ತಂದಿಡಿ. ಬಂದವರಿಗೆ ಅವರೆಕಾಳು ಉಪ್ಪಿಟ್ಟು, ಸಿಹಿ ಪೊಂಗಲ್, ಕಾಫಿ ಸಾಕು. ಮಗುವಿಗೆ ಬಟ್ಟೆ ಕೊಡುವುದಾದರೆ ಮೆತ್ತಗಿನ ಹತ್ತಿ ಅಂಗಿ, ಟೋಪಿ ಕೊಡಿ. ಒಂದು ವರ್ಷ ತುಂಬದ ಮಗುವಿನ ಬಾಯಿಗೆ ಜೇನುತುಪ್ಪ ಮುಟ್ಟಿಸಬೇಡಿ. ಕಡಲೆಬೀಜ, ಕೊಬ್ಬರಿ ಚೂರು, ಎಲಚಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವಂಥವು. ಸುರಿಯುವಾಗ ಪಕ್ಕದಲ್ಲಿ ಒಬ್ಬರು ಮಗುವಿನ ಕೈ, ಬಾಯಿ ನೋಡುತ್ತಲೇ ಇರಬೇಕು. ಶಾಸ್ತ್ರ ಮುಗಿದ ತಕ್ಷಣ ನೆಲ ಗುಡಿಸಿ. ಅಂಬೆಗಾಲಿಡುವ ಮಗುವಾದರೆ ಮಣೆ ಕೆಳಗೆ, ಸೋಫಾ ಸಂದಿಯಲ್ಲಿ ಉರುಳಿಹೋದ ಕಾಸು, ಬೀಜವನ್ನೂ ಹುಡುಕಿ ತೆಗೆದ ಮೇಲೆಯೇ ನೆಲಕ್ಕೆ ಬಿಡಿ.